ಒಂಬತ್ತನೇ ಗುಡಿಸಲು ವೃತ್ತದಲ್ಲಿ ಕುರಿ ಈದ ಪ್ರಕರಣ

ಪುರಾತನ ವಸತಿ ಸಂರಕ್ಷಣಾ ಕಛೇರಿ
ಮೇಲ್ನಾಡು ಶಾಖೆ, ಡಾರ್ಟ್‌ಮೂರ್

ಸಂಖ್ಯೆ: ಪುವಸಂ/ಗುವೃ-9/ಕುರಿ/3
ದಿನಾಂಕ: ಏಪ್ರಿಲ್ 2

ವಿಷಯ: ಇತಿಹಾಸಪೂರ್ವ ಮನೆಗಳಲ್ಲಿ ಈಗ ವಾಸ್ತವ್ಯ ಹೂಡುತ್ತಿರುವ ಬಗ್ಗೆ.

ಉಲ್ಲೇಖ: ಪರಿವೀಕ್ಷಕ ಶ್ರೀ ಡೆನ್ಜಿಲ್ ರೌ ಅವರ ವರದಿ (ಒದ್ದೆಯಾಗಿದ್ದು, ಓದಲು ಸಾಧ್ಯವಾದಷ್ಟು).

ಬೆಟ್ಟದ ಮೇಲಿನ ಹದಿನಾಲ್ಕು ಗುಡಿಸಲು ವೃತ್ತಗಳು, ಅಂದರೆ ಮೂರು ಸಾವಿರ ವರ್ಷಗಳ ಹಿಂದಿನ ದುಂಡು ಮನೆಗಳಲ್ಲಿ ಉಳಿದಿರುವ ಮೊಣಕಾಲೆತ್ತರದ ಕಲ್ಲುಗೋಡೆಗಳು, ಸಂರಕ್ಷಿತವಾಗಿರುತ್ತವೆ. ಕಳೆದ ವಾರ ಒಂಬತ್ತನೇ ವೃತ್ತದಲ್ಲಿ ಎಪ್ಪತ್ತೊಂದು ವರ್ಷದ ಕುರಿಗಾರ್ತಿ ಥರ್ಜಾ ಎಂಡಕಾಟ್ ಹಾಗೂ ಅವರ ತುಂಬು ಗಬ್ಬದ ಕುರಿಯು ಅನುಮತಿಯಿಲ್ಲದೆ ಬೀಡುಬಿಟ್ಟಿರುವ ದೂರಿನ ಮೇರೆಗೆ, ಸೇವೆಗೆ ಸೇರಿ ಹನ್ನೊಂದು ದಿನವಾಗಿದ್ದ ಶ್ರೀ ರೌ ಅವರನ್ನು ತೆರವಿಗೆ ಕಳುಹಿಸಲಾಗಿತ್ತು.

"ಅಮ್ಮಾ, ಇದು ಸಂರಕ್ಷಿತ ಸ್ಥಳ, ಏಳಿ" ಎಂದು ಅವರು ಸೂಚಿಸಲಾಗಿ, "ರಕ್ಷಣೆ ಬೇಕೂಂತ್ಲೇ ಬಂದಿರೋದು ಕಣಪ್ಪಾ. ಹೊಟ್ಟೇಲಿ ಮರಿ ಕಾಲು ಹಿಂದಕ್ಕೆ ಮಡಚ್ಕೊಂಡಿದೆ. ನನ್ನ ಬೆರಳು ಮರಗಟ್ಟಿವೆ. ತೋಳೇರಿಸು, ಕೈ ಹಾಕು" ಎಂದು ಸದರಿ ಮಹಿಳೆಯು ಉತ್ತರಿಸಿರುತ್ತಾರೆ. ಅಷ್ಟರಲ್ಲಿ ಆಲಿಕಲ್ಲು ಸುರಿಯತೊಡಗಿದ್ದರಿಂದ ಶ್ರೀ ರೌ ಅವರು ಕೈ ಹಾಕಿರುತ್ತಾರೆ.

ಮೊದಲ ಮರಿ ಸುಖವಾಗಿ ಹೊರಬಂದಿತು. ಎರಡನೆಯದಕ್ಕೆ ಉಸಿರಿರಲಿಲ್ಲ. "ಉಜ್ಜು, ಸಿಕ್ಕಿದ್ದರಲ್ಲಿ ಉಜ್ಜು!" ಎಂಬ ಮೌಖಿಕ ಆದೇಶದಂತೆ ಶ್ರೀ ರೌ ಅವರು ತೆರವು ನೋಟಿಸಿನ ಮೂರೂ ಪ್ರತಿಗಳಿಂದ ಅದನ್ನು ಉಜ್ಜಿರುತ್ತಾರೆ. ಮೂರನೇ ಪ್ರತಿಗೆ ಮರಿ ಸೀನಿತು. ಶ್ರೀ ರೌ ಅವರು ತಮ್ಮ ಮುಖ ಒದ್ದೆಯಾಗಿದ್ದುದು ಆಲಿಕಲ್ಲಿನಿಂದ ಎಂದು ನಮೂದಿಸಿದ್ದು, ಆ ವೇಳೆಗೆ ಆಲಿಕಲ್ಲು ನಿಂತಿತ್ತೆಂದು ತಿಳಿದುಬಂದಿರುತ್ತದೆ.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಸ್ಮಾರಕದೊಳಗೆ ಈಯಲಿಚ್ಛಿಸುವ ಕುರಿಗಳು ಹದಿನಾಲ್ಕು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.

2. ಗಾಳಿ ತಡೆಯಲೆಂದು ಸದರಿ ಮಹಿಳೆಯು ಎತ್ತಿ ನಿಲ್ಲಿಸಿರುವ, ಗೋಡೆಯಿಂದ ಬಿದ್ದಿದ್ದ ಕಲ್ಲನ್ನು ಪುನಃ ಬೀಳಿಸತಕ್ಕದ್ದು. ಅದು ತಾನಾಗಿ ಬಿದ್ದಂತೆ ಕಾಣತಕ್ಕದ್ದು.

3. ವೃತ್ತಗಳ ಬಾಗಿಲಿನ ತೆರಪುಗಳು ಒಂದೇ ದಿಕ್ಕಿಗೆ ಏಕಿವೆ ಎಂಬ ಬಗ್ಗೆ ಇಪ್ಪತ್ತೆರಡು ವರ್ಷಗಳಿಂದ ನಡೆದಿರುವ ಅಧ್ಯಯನವನ್ನು, "ಒಳಗೆ ಕೂತರೆ ಗಾಳಿ ತಾಗಲ್ಲ" ಎಂಬ ಶ್ರೀ ರೌ ಅವರ ಅಭಿಪ್ರಾಯದ ಮೇರೆಗೆ ಮುಕ್ತಾಯಗೊಳಿಸಲಾಗಿದೆ.

4. ತೆರವು ನೋಟಿಸು ಎರಡನೇ ಮರಿಗೆ ಜಾರಿಯಾದಂತೆ ಪರಿಗಣಿಸಲಾಗಿದೆ. ಆದರೆ ಮೂರು ಸಾವಿರ ವರ್ಷಗಳಲ್ಲಿ ಆ ಮನೆಯಲ್ಲಿ ಹುಟ್ಟಿದವರು ಇವರಿಬ್ಬರೇ ಎಂದು ಕಛೇರಿ ದಾಖಲೆಗಳಿಂದ ಕಂಡುಬರುವುದರಿಂದ, ಇವರನ್ನು ಮೂಲನಿವಾಸಿಗಳೆಂದು ಘೋಷಿಸಿ ತೆರವನ್ನು ಕೈಬಿಡಲಾಗಿದೆ. ಇವರನ್ನು ಅನುಮತಿಯಿಲ್ಲದೆ ಸ್ಥಳಾಂತರಿಸುವುದು, ದುರಸ್ತಿ ಮಾಡುವುದು ಅಥವಾ ಬೇಯಿಸುವುದು ನಿಷಿದ್ಧ.

ಸಹಿ/-
ಅಧೀಕ್ಷಕರು (ದುಂಡು ಕಟ್ಟಡಗಳು)

ಪ್ರತಿಗಳು:
ಶ್ರೀಮತಿ ಎಂಡಕಾಟ್ ಅವರಿಗೆ ("ಕುರಿ ಈಯೋದೆಲ್ಲ ಮುಗೀಲಿ, ಆಮೇಲೆ ಓದ್ತೀನಿ" ಎಂಬ ಹಿಂಬರಹದೊಡನೆ ವಾಪಸು).
ಉಳಿದ ಹದಿಮೂರು ವೃತ್ತಗಳಿಗೆ, ಬಾಗಿಲಿಗೆ ಅಂಟಿಸಲು. ಬಾಗಿಲಿಲ್ಲದ ಕಾರಣ ಕಡತದಲ್ಲಿಡಲಾಗಿದೆ.
ಶ್ರೀ ಡೆನ್ಜಿಲ್ ರೌ ಅವರಿಗೆ. ಮೇಜಿನ ಮೇಲಿಡಲಾಗಿದೆ. ಅವರು ಟವೆಲು ಹಿಡಿದು ಬೆಟ್ಟಕ್ಕೆ ಹೋಗಿರುತ್ತಾರೆ.