ಗಾದಿಲಿಂಗ ಎಚ್ಚರದಿಂದ ಉಂಡದ್ದು

ಸಿಟ್ಟಿನಿಂದ ತವರಿಗೆ ಹೊರಟ ಹೆಂಡತಿ ಬಾಗಿಲನ್ನಾದರೂ ದಢಾರನೆ ಹಾಕಬೇಕು, ಅದು ಗಂಡನಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ ಎಂಬುದು ಗಾದಿಲಿಂಗನ ಅಭಿಪ್ರಾಯ. ನಂದಿನಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋಗಿಬಿಟ್ಟಿದ್ದಳು. ಮೊಬೈಲಿನಲ್ಲಿ ಮುಳುಗಿದ್ದ ಅವನು "ಚಾ ಮಾಡು" ಎಂದು ಕೂಗಿ ಕೂಗಿ ಕೊನೆಗೆ ತಲೆಯೆತ್ತಿದಾಗಲೇ ಮನೆ ಖಾಲಿಯಿರುವುದು ಕಂಡದ್ದು. ಅಷ್ಟು ಹೊತ್ತಿಗೆ ಆಕೆ ಸಿಂಧನೂರು ದಾಟಿ, ಮಸ್ಕಿಯ ತವರಿನಲ್ಲಿ ಕೂತು ಚಾ ಕುಡಿಯುತ್ತಿದ್ದಳು.

ಫೋನ್ ಹಚ್ಚಿದ.

"ಲಿಂಗಸುಗೂರಿನಾಗ ನಮ್ಮ ಕಾಕಾನ ಮಗಳ ನಿಶ್ಚಿತಾರ್ಥ ಅದ, ರಜಾ ಹಾಕ್ರಿ ಅಂತ ಎಷ್ಟು ದಿನದಿಂದ ಹೇಳಾಕತ್ತೀನಿ? ಎಲ್ಲಾದಕ್ಕೂ 'ಹೂಂ' ಅಂದ್ರಿ. ಇವತ್ತು 'ಯಾರ ನಿಶ್ಚಿತಾರ್ಥ?' ಅಂತೀರಿ. ನನ್ನ ಮಾತು ಕೇಳೋ ಗಂಡ ಬೇಕು ನನಗ. ಅಲ್ಲೆಲ್ಲರ ಸಿಕ್ಕರ ತಿಳಸ್ರಿ, ಬರ್ತೀನಿ."

ಗಾದಿಲಿಂಗ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಕ ಮಾಡುವ ನೌಕರ. ಊರಿನ ಭತ್ತವನ್ನೆಲ್ಲ ತೂಗಿದವನಿಗೆ ಎದೆಯ ಮೇಲಿನ ಈ ಭಾರ ತೂಗಲು ಬರಲಿಲ್ಲ. ನಿದ್ದೆ ಹಾರಿತು. ಅನ್ನ ಸೇರದಾಯಿತು (ಅವನೇ ಮಾಡಿದ್ದಾದ್ದರಿಂದ ಅದೇನೂ ಆಶ್ಚರ್ಯವಲ್ಲ). ಗಿರಣಿಯಲ್ಲಿ ತೂಗಿದ ಲಾರಿಯನ್ನೇ ಮತ್ತೆ ತೂಗಲು ಕರೆದ. ಚಾಲಕ ಖಾಜಾಸಾಬ್ ಕಿಟಕಿಯಿಂದ ತಲೆ ಹಾಕಿ, "ಅರೇ ಭಾಯ್, ಈಗಷ್ಟೇ ತೂಗಿದಿ. ನನ್ನ ಲಾರಿ ಏನ್ ಬಸುರಾಗ್ಯಾದೇನು, ತಾಸಿಗೊಮ್ಮೆ ತೂಕ ನೋಡಾಕ?" ಎಂದ.

ಕೊನೆಗೆ ಗಾದಿಲಿಂಗ ಮಾವ ಗದ್ದೆಪ್ಪ ಮಾಸ್ತರರಿಗೇ ಫೋನ್ ಮಾಡಿ ಅತ್ತುಬಿಟ್ಟ. ನಿವೃತ್ತ ಮಾಸ್ತರರು ದಿನಾ ಬೆಳಗ್ಗೆ ಬುದ್ಧನ ಮೂರ್ತಿಯೆದುರು ಧ್ಯಾನಕ್ಕೆ ಕೂರುವವರು. (ಗಾದಿಲಿಂಗನ ಮನೆಯಲ್ಲೂ ಬುದ್ಧನ ಪಟವಿತ್ತು, ಅದರ ಪಕ್ಕದ ಮೊಳೆಗೆ ಅವನು ಮೊಬೈಲ್ ಚಾರ್ಜರ್ ನೇತುಹಾಕುತ್ತಿದ್ದ.)

"ಅಳಿಯಂದಿರ, ಮೊದಲು ಕಣ್ಣು ಮುಚ್ಚಿ ಕುಂದರ್ರಿ. ಉಸಿರು ಬರೋದು ಹೋಗೋದು ನೋಡ್ರಿ. ಸಂಕಟ ಬಂದ್ರ 'ಸಂಕಟ ಬಂದದ' ಅಂತ ಗುರುತು ಹಿಡೀರಿ, ಅದರ ಜೋಡಿ ಜಗಳಾಡಬ್ಯಾಡ್ರಿ. ಸದ್ದು ಬಂದ್ರ ಸದ್ದು ಕೇಳ್ರಿ, ತುತ್ತು ಇಟ್ಟಾಗ ತುತ್ತು ನೋಡ್ರಿ. ಮನಸು ತಣ್ಣಗಾದ ಮ್ಯಾಲೆ ಈ ಕಡೆ ಬರ್ರಿ."

ಕೂತ. ಮೊದಲಿಗೆ ಉಸಿರು ಸಿಗಲೇ ಇಲ್ಲ. ಸಿಕ್ಕಿದ್ದು ಕಾಲಿನ ಜೋಮು ಮಾತ್ರ. ಆದರೂ ಹಟ ಹಿಡಿದು ಕೂತ. ಬರಬರುತ್ತ ಎದೆಯ ಭಾರ ನಿಜಕ್ಕೂ ಇಳಿಯಿತು. ಸಂಕಟ ಬರುತ್ತಿತ್ತು, ಗುರುತು ಹಿಡಿದರೆ ನೆಂಟರಂತೆ ಒಂದಿಷ್ಟು ಹೊತ್ತು ಕೂತು ಹೋಗುತ್ತಿತ್ತು. ಅದು ಹೋದಮೇಲೆ 'ನಾನು ಭಾರೀ ಶಾಂತನಾದೆ' ಎಂಬ ಹೆಮ್ಮೆ ಬಂತು. ಅದನ್ನು ಮಾತ್ರ ಅವನು ಗುರುತು ಹಿಡಿಯಲಿಲ್ಲ.

ಭಾನುವಾರ, ಹೆಂಡತಿಯನ್ನು ಕರೆತರಲು ಮಸ್ಕಿಯಲ್ಲಿ ಬಸ್ಸಿಳಿದ. ಅತ್ತೆ ಪಾರ್ವತೆಮ್ಮ ನೀರು ಕೊಟ್ಟು, "ನಂದಿನಿ ಒಳಗದಾಳ್ರಿ. ಮಾರಿ ತೋರಸಂಗಿಲ್ಲಂತ. ನೀವು ಮೊದಲು ಊಟ ಮಾಡ್ರಿ" ಎಂದರು.

ಮಾವನ ಪಕ್ಕ ಊಟಕ್ಕೆ ಕೂತವನು ಕಣ್ಣು ಅರೆಮುಚ್ಚಿದ. ದೂರದಲ್ಲಿ ಬಸ್ಸಿನ ಹಾರನ್ನು. ಅಂಗಳದಲ್ಲಿ ಕೋಳಿ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ತಪ ತಪ. 'ಸದ್ದು' ಎಂದು ಗುರುತು ಹಿಡಿದು ಬಿಟ್ಟ. ಪಾರ್ವತೆಮ್ಮ ಬಿಸಿ ರೊಟ್ಟಿ ತಂದು ಹಾಕಿದರು, ಪುಂಡಿಪಲ್ಯ ಬಡಿಸುತ್ತ ಅವನೆದುರೇ ನಿಂತರು. ಒಳಗೆ ತಪ ತಪ ನಡೆದೇ ಇತ್ತು. 'ಸದ್ದು' ಎಂದು ಮತ್ತೊಮ್ಮೆ ಗುರುತು ಹಿಡಿದ.

ಮೊದಲ ತುತ್ತು ಬಾಯಿಗಿಟ್ಟ. ಅಗಿದ. ಅಗಿಯುತ್ತಲೇ ಇದ್ದ. ಜೋಳದ ನವಿರು ಸಿಹಿ, ಅಂಚಿನ ಗರಿ, ನಡುವಿನ ಮೆದು, ಅಲ್ಲಲ್ಲಿ ಕಂದಿದ ಚುಕ್ಕೆಯ ಘಮ! ತಟ್ಟೆಯಲ್ಲಿ ಬಿಸಿ ರೊಟ್ಟಿಗಳು ಬಂದು ಬಿದ್ದು ಆರುತ್ತಿದ್ದವು. ಇವನು ಮೊದಲ ರೊಟ್ಟಿಯ ಅಂಚಿನಲ್ಲೇ ಇದ್ದ.

"ಯಾಕ್ರೀ, ಹಲ್ಲುನೋವೇನು?" ಎಂದರು ಪಾರ್ವತೆಮ್ಮ ಗಾಬರಿಯಿಂದ.

ಗಾದಿಲಿಂಗ ಪರಮಶಾಂತಿಯಿಂದ ಕಣ್ಣು ತೆರೆದು ಘೋಷಿಸಿದ: "ಅತ್ತೀ, ಏನ್ ಕೈಗುಣರೀ ನಿಮ್ದು! ನಿಮ್ಮ ಮಗಳ ರೊಟ್ಟಿ ತಿಂದು ತಿಂದು, ರೊಟ್ಟಿ ಅಂದ್ರ ಏನು ಅನ್ನೋದೇ ಮರ್ತುಬಿಟ್ಟಿದ್ದೆ."

ಒಳಗಿನ ತಪ ತಪ ನಿಂತಿತು. ಗದ್ದೆಪ್ಪ ಮಾಸ್ತರರು ಗಡಿಬಿಡಿಯಿಂದ ಕಣ್ಣು ಮುಚ್ಚಿ ಉಸಿರು ನೋಡತೊಡಗಿದರು.

"ಅಲ್ರೀ," ಎಂದರು ಪಾರ್ವತೆಮ್ಮ, ಪಲ್ಯದ ಬೋಗುಣಿ ಹಿಡಿದುಕೊಂಡೇ, "ನಾ ಇಲ್ಲೇ ನಿಮ್ಮ ಮುಂದ ನಿಂತೀನಿ. ಅಲ್ಲಿ ತಟ್ಟಾಕತ್ತಿದ್ದು ಯಾರು ಅನಕೊಂಡಿದ್ರಿ?"

ಕೈತುಂಬ ಹಿಟ್ಟು ಮೆತ್ತಿಕೊಂಡು ನಂದಿನಿ ಬಾಗಿಲಲ್ಲಿ ನಿಂತಿದ್ದಳು. ಗಾದಿಲಿಂಗ 'ಭಯ ಬಂದಿದೆ' ಎಂದು ಗುರುತು ಹಿಡಿದ. ಭಯ ಹೋಗಲಿಲ್ಲ; ಪಕ್ಕದಲ್ಲೇ ತಟ್ಟೆ ಹಾಕಿಸಿಕೊಂಡು ಊಟಕ್ಕೆ ಕೂತಿತು.

"ಯಾರ ರೊಟ್ಟಿ ತಿಂದು ತಿಂದು ಏನು ಮರ್ತಿದ್ರಿ? ಇನ್ನೊಮ್ಮೆ ಹೇಳ್ರಿ."

ಕಲಿತ ಧ್ಯಾನವೆಲ್ಲ ಬೆವರಾಗಿ ಹರಿಯಿತು. ಉಳಿದದ್ದು ನಿಜವೊಂದೇ.

"ಸುಳ್ಳು ಹೇಳಂಗಿಲ್ಲ ನಂದಿನಿ. ಮದುವಿ ಆದಾಗಿನಿಂದ ಎರಡು ವರ್ಷ ನಾ ಮೊಬೈಲ್ ನೋಡಕೋತ ಏನು ತಿಂದೀನೋ ನನಗೇ ಗೊತ್ತಿಲ್ಲ. ನಿನ್ನ ರೊಟ್ಟಿ ಉಂಡಿದ್ದು ಇವತ್ತೇ ಮೊದಲು."

ನಂದಿನಿ ಅವನನ್ನೇ ದಿಟ್ಟಿಸಿದಳು. ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ, "ಆರಿದ್ದು ಬಿಡ್ರಿ. ಬಿಸೇದು ಹಾಕ್ಲೇನು?" ಎಂದಳು.

ಸಂಧಾನ ಮುಗಿದೇಹೋಯಿತು. ಗಾದಿಲಿಂಗ ಉಸಿರು ನೋಡಲು ಜಾಗ ಉಳಿಯದಷ್ಟು ಉಂಡ.

ಸಂಜೆ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದರು. ನಂದಿನಿ ಕಿಟಕಿಗೆ ಒರಗಿ ಮಾತು ಶುರುಮಾಡಿದಳು. ಸುಮಾರು ದೂರ ಬಂದ ಮೇಲೆ ಥಟ್ಟನೆ ನಿಲ್ಲಿಸಿದಳು.

"ನಾ ಇಲ್ಲೀತನ ಏನಂದೆ? ಹೇಳ್ರಿ ನೋಡೋಣ."

ಗಾದಿಲಿಂಗ ಹೇಳಿದ. ನಿಶ್ಚಿತಾರ್ಥದಲ್ಲಿ ಬೀಗರು ಸಿಹಿ ಸಾಲದೆಂದು ಮುಖ ಸೊಟ್ಟ ಮಾಡಿದ್ದು, ಟೇಲರ್ ಗೌಸಿಯಾ ಹೊಲಿದ ಕುಬಸ ಬಿಗಿಯಾಗಿದ್ದು, ಆಕೆ 'ನೀನೇ ದಪ್ಪಾಗೀದಿ' ಅಂದದ್ದು, ಅದಕ್ಕೆ ಇವಳು ಕೊಟ್ಟ ಉತ್ತರ, ಒಂದನ್ನೂ ಬಿಡದೆ ಒಪ್ಪಿಸಿದ.

"ಅಯ್ಯ! ಒಂದಕ್ಷರ ಬಿಡಲಿಲ್ಲಲ್ರೀ!"

"ಎಲ್ಲಾ ಮಾವಾರು ಕಲಿಸಿದ್ದು," ಎಂದ ವಿನಯದಿಂದ ಉಬ್ಬಿ.

ನಂದಿನಿ ಅವನ ಕಡೆ ಪೂರ್ತಿ ತಿರುಗಿ ಕೂತಳು. "ಅಂದ್ರ ನಿಮ್ಮ ಕಿವಿ ಛಲೋ ಅದಾವು."

"ಹೂಂ ಮತ್ತ!"

"ಹಂಗಾದ್ರ ಎರಡು ವರ್ಷ ಬೇಕಂತನೇ ಕೇಳಿಲ್ಲ!"

ಗಾದಿಲಿಂಗ ಅವಸರದಿಂದ ಕಣ್ಣು ಮುಚ್ಚಿ ಉಸಿರು ಹುಡುಕಿದ.

"ಕಣ್ಣು ತಗೀರಿ. ಅಷ್ಟೂ ಈಗ ಮೊದಲಿಂದ ಹೇಳ್ತೀನಿ."

ಸಿಂಧನೂರು ಇನ್ನೂ ದೂರವಿತ್ತು. ನಂದಿನಿ ಮದುವೆಯ ಮರುದಿನದಿಂದ ಆರಂಭಿಸಿದಳು.