ಎರಡು ಹಾರ್ಡ್ ಡಿಸ್ಕಿನ ಸಂಸಾರ

ದೇವನಹಳ್ಳಿ ಹಳೇ ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಕಂಪ್ಯೂಟರ್ ತಾನಾಗಿ ಕೆಡೋದು ಕಮ್ಮಿ, ಕೆಡಿಸೋರು ಜಾಸ್ತಿ. ಅದರಲ್ಲೂ ಒಂದೇ ಡಬ್ಬದೊಳಗೆ ಎರಡು ಹಾರ್ಡ್ ಡಿಸ್ಕ್ ಇದ್ರೆ ಮುಗೀತು. ಸ್ವಿಚ್ ಹಾಕಿದ ತಕ್ಷಣ ಆ ಎರಡರಲ್ಲಿ ಯಾವುದನ್ನ ಮೊದಲು ಎಬ್ಬಿಸಬೇಕು ಅಂತ ಕಂಪ್ಯೂಟರಿಗೆ ಗೊತ್ತಿರಬೇಕು. ತಪ್ಪಿ ಇನ್ನೊಂದನ್ನ ಎಬ್ಬಿಸೋಕೆ ಹೋದ್ರೆ ಪರದೆ ಕಪ್ಪಗಾಗಿ ಎರಡು ಸಾಲು ಇಂಗ್ಲಿಷ್ ಬರುತ್ತೆ. ಆಮೇಲೆ ನನಗೆ ಫೋನ್ ಬರುತ್ತೆ.

ಫೋನಲ್ಲೇ ವೈದ್ಯ

ನಲ್ಲೂರು ದಾಟಿದ್ರೆ ಒಂದು ಹಳ್ಳಿ. ಅಲ್ಲಿನ ಹಾಲಿನ ಡೈರಿ ಸೆಕ್ರೆಟರಿ ಬೆಳಗ್ಗೆ ಹಾಲು ಅಳೆಯೋ ಹೊತ್ತಿಗೆ ಫೋನ್ ಮಾಡಿದ್ರು. ಕ್ಯಾನ್ ಹಿಡ್ಕೊಂಡು ನಿಂತವರು ಬೈಯ್ಯೋದು ನನಗೂ ಕೇಳಿಸ್ತಿತ್ತು.

“ಸಿಸ್ಟಮ್ ಏಳ್ತಿಲ್ಲ ಕಣಪ್ಪಾ.”

“ಪರದೆ ಮೇಲೆ ಏನ್ ಬಂದಿದೆ ಸಾರ್?”

“ಏನೋ ಇಂಗ್ಲಿಷಲ್ಲಿ ಬಂದಿದೆ.”

“ಸ್ವಲ್ಪ ಓದಿ ಹೇಳಿ.”

“ಓದಿದ್ರೆ ಸರಿ ಹೋಗುತ್ತಾ?”

“ಸರಿ ಹೋಗಲ್ಲ ಸಾರ್, ಏನಾಗಿದೆ ಅಂತ ಗೊತ್ತಾಗುತ್ತೆ.”

“ಏನಾಗಿದೆ ಅಂತ ನನಗೇ ಗೊತ್ತಲ್ಲಪ್ಪಾ. ಏಳ್ತಿಲ್ಲ” ಅಂತ ಹೇಳಿ ಫೋನ್ ಇಟ್ಟರು.

ಒಳಗಡೆ ಪೂಜೆ

ಆಯುಧಪೂಜೆ ಊರಿಗೆಲ್ಲ ಹಬ್ಬ, ಅದರ ಮಾರನೇ ದಿನ ನನಗೆ ಹಬ್ಬ. ಒಬ್ಬ ಜೆರಾಕ್ಸ್ ಅಂಗಡಿ ಯಜಮಾನರು ಕಂಪ್ಯೂಟರನ್ನ ಮಗು ಎತ್ಕೊಂಡ ಹಾಗೆ ಎತ್ಕೊಂಡು ಬಂದ್ರು. ಬಿಚ್ಚಿ ನೋಡಿದೆ. ಎರಡು ಡಿಸ್ಕಿಗೂ ಅರಿಶಿನ ಕುಂಕುಮ, ಮೇಲೊಂದೊಂದು ಚೆಂಡುಹೂವು.

“ಒಳಗಡೇನೂ ಪೂಜೆ ಮಾಡಿದ್ರಾ?”

“ಕೆಲಸ ಮಾಡೋದು ಒಳಗಿರೋದೇ ಅಲ್ವಾ? ಬರೀ ಡಬ್ಬಕ್ಕೆ ಬೊಟ್ಟಿಟ್ರೆ ಏನ್ ಬಂತು?”

ಮಾತೇನೋ ಸರೀನೇ ಇತ್ತು. ಆದ್ರೆ ಡಿಸ್ಕ್ ಈಚೆ ತೆಗೆದು, ಒರೆಸಿ, ಬೊಟ್ಟಿಟ್ಟು ವಾಪಸ್ ಹಾಕುವಾಗ ಇದರ ವೈರು ಅದಕ್ಕೆ, ಅದರ ವೈರು ಇದಕ್ಕೆ ಸಿಕ್ಕಿಸಿದ್ದರು. ಕಂಪ್ಯೂಟರ್ ಪಾಪ ಹಳೇ ಅರ್ಜಿ ಫಾರಂ ತುಂಬಿದ್ದ ಡಿಸ್ಕನ್ನ ಎಬ್ಬಿಸ್ತಾ ಕೂತಿತ್ತು. ವೈರು ಅದಲು ಬದಲು ಮಾಡಿದೆ, ಎದ್ದಿತು. ಯಜಮಾನರು ಕೈ ಮುಗಿದರು, ನನಗಲ್ಲ, ಡಬ್ಬಕ್ಕೆ.

“ನೋಡಿದ್ರಾ, ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಇಲ್ದಿದ್ರೆ ಏನ್ ಗತಿ?”

ತಲೆಗೊಂದು

ಇವರೆಲ್ಲ ಪುಣ್ಯವಂತರು ಅನ್ನಿಸಿದ್ದು ಇಬ್ಬರು ಅಣ್ಣತಮ್ಮಂದಿರನ್ನ ನೋಡಿದ ಮೇಲೆ. ಇಬ್ಬರೂ ಸೇರಿ ಫೋಟೊ ಸ್ಟುಡಿಯೊ ನಡೆಸ್ತಿದ್ರು. ಜಗಳ ಆಯ್ತು, ಪಾಲಿಗೆ ಕೂತರು. ಪಂಚಾಯ್ತಿಗೆ ಬಂದ ಸೋದರಮಾವ ಕ್ಯಾಮೆರಾ, ಲೈಟು, ಸ್ಟೂಲು ಎಲ್ಲಾ ಹಂಚಿ ಕೊನೆಗೆ ಕಂಪ್ಯೂಟರ್ ಹತ್ರ ಬಂದ. “ಒಳಗೆ ಎರಡು ಡಿಸ್ಕ್ ಐತಂತೆ. ದೇವರೇ ಲೆಕ್ಕ ಹಾಕಿ ಇಟ್ಟವ್ನೆ. ತಲೆಗೊಂದು” ಅಂದುಬಿಟ್ಟ.

ಹೊಸ ಡಿಸ್ಕ್ ಅಣ್ಣನಿಗೆ, ಹಳೇದು ತಮ್ಮನಿಗೆ. ತಮ್ಮ ಬೇರೆ ಡಬ್ಬ ತಂದ್ಕೊಂಡ. ಎರಡೂ ಏಳಲಿಲ್ಲ. ಅಣ್ಣ ನನ್ನ ಹತ್ರ ಬಂದು, “ತಮ್ಮ ಏನೋ ಕೈಯಾಡಿಸವ್ನೆ” ಅಂದ. ತಮ್ಮ ಬಂದು, “ಅಣ್ಣ ಏನೋ ಮಾಡಿಸವ್ನೆ” ಅಂದ. ಯಾರೂ ಏನೂ ಮಾಡಿರಲಿಲ್ಲ. ವಿಂಡೋಸ್ ಇದ್ದದ್ದು ಹೊಸ ಡಿಸ್ಕಲ್ಲಿ, ಅದನ್ನ ಎಬ್ಬಿಸೋ ಫೈಲು ಮಾತ್ರ ಹಳೇದರಲ್ಲೇ ಉಳಿದಿತ್ತು. ಒಬ್ಬನ ಹತ್ರ ಮನೆ, ಇನ್ನೊಬ್ಬನ ಹತ್ರ ಬೀಗದ ಕೈ.

“ಎರಡನ್ನೂ ಒಂದು ಮಧ್ಯಾಹ್ನ ಒಟ್ಟಿಗೆ ಕೊಡಿ, ಬೇರೆ ಬೇರೆ ಏಳೋ ಹಾಗೆ ಮಾಡ್ತೀನಿ” ಅಂದೆ.

“ಒಟ್ಟಿಗೆ ಹಾಕ್ದಾಗ ಅವನು ನನ್ನ ಪಾಲಿಂದ ಕಾಪಿ ಹೊಡ್ಕೊಂಡ್ರೆ?” ಅಂದ ಅಣ್ಣ. ತಮ್ಮ ಸೋದರಮಾವನ್ನ ಕೇಳ್ಕೊಂಡು ಬಂದ: “ಪಾಲಾದ್ಮೇಲೆ ಸೇರಿಸಿದ್ರೆ ಪಾಲೇ ಮುರಿದಂಗಂತೆ.”

ನಡುವೆ ಸಿಕ್ಕಿಹಾಕ್ಕೊಂಡವರು ಇವರ ಕೈಲಿ ಮದುವೆ ವಿಡಿಯೊ ಮಾಡಿಸಿದ್ದ ಒಬ್ಬ ಹೆಣ್ಣಿನ ತಂದೆ. ಮಗಳ ಮುಹೂರ್ತದ ವಿಡಿಯೊ ಅಣ್ಣನ ಡಿಸ್ಕಲ್ಲಿ, ರಿಸೆಪ್ಷನ್ ತಮ್ಮನ ಡಿಸ್ಕಲ್ಲಿ. “ಮೊದಲು ಅವನು ಕೊಡ್ಲಿ” ಅಂತ ಇಬ್ಬರೂ ಡಿಸ್ಕ್ ಕೈ ಬಿಡ್ತಿರಲಿಲ್ಲ. ಸೀಮಂತಕ್ಕೆ ಬೀಗರು ಬರೋರಿದ್ದರು, ಅಷ್ಟರಲ್ಲಿ ವಿಡಿಯೊ ಕೈಗೆ ಬರಬೇಕಿತ್ತು. ಬೀಗರು ಆಗಲೇ, “ಮದುವೆ ವಿಡಿಯೊನ ಮೊಮ್ಮಗು ಜೊತೆ ಕೂತ್ಕೊಂಡೇ ನೋಡೋದೇನೋ” ಅಂತ ಚುಚ್ಚಿದ್ದರು. ಇವರು ದಿನಾ ನನ್ನ ಅಂಗಡಿಗೆ ಬಂದು “ಒಪ್ಪಿದ್ರಾ?” ಅಂತ ಕೇಳೋರು.

ಕೊನೆಗೆ ಒಂದಿನ ಅವರೇ ನೇರ ಅಣ್ಣತಮ್ಮಂದಿರ ಹತ್ರ ಹೋಗಿ, “ಸೀಮಂತಕ್ಕೆ ನೀವಿಬ್ರೂ ಬನ್ನಿ. ವಿಡಿಯೊ ಯಾಕಿಲ್ಲ ಅಂತ ಬೀಗರ ಮುಂದೆ ನೀವೇ ಹೇಳಿ” ಅಂದ್ರಂತೆ. ಇಬ್ಬರೂ ತಕ್ಷಣ ಒಪ್ಪಿದರು. ಮುಂದಿನ ಲಗ್ನದ ಆರ್ಡರೆಲ್ಲ ಆ ಬೀಗರ ಊರಲ್ಲೇ ಇತ್ತು.

ಡಿಸ್ಕ್ ಹಿಡ್ಕೊಂಡು ನನ್ನ ಅಂಗಡಿಗೆ ಬಂದರು. ಒಬ್ಬ ರೋಡಿಗೆ ಮುಖ ಮಾಡಿ ಕೂತ, ಇನ್ನೊಬ್ಬ ಗೋಡೆಗೆ. ಸಾಕ್ಷಿಗೆ ಮಧ್ಯದಲ್ಲಿ ಸೋದರಮಾವ. ಎರಡೂ ಡಿಸ್ಕ್ ಒಂದೇ ಡಬ್ಬಕ್ಕೆ ಹಾಕಿ ಸ್ವಿಚ್ ಒತ್ತಿದೆ, ಏನೂ ಆಗಿಲ್ಲ ಅನ್ನೋ ಹಾಗೆ ಎದ್ದಿತು. ಮೊದಲು ಎರಡು ವಿಡಿಯೊನೂ ಪೆನ್ ಡ್ರೈವಿಗೆ ಹಾಕಿ ಹೆಣ್ಣಿನ ತಂದೆ ಕೈಗೆ ಕೊಟ್ಟೆ. ಅವರು ಒಳಜೇಬಿಗೆ ಇಳಿಸ್ಕೊಂಡು, ಹಿಂದೆ ತಿರುಗಿ ನೋಡದೆ ಬಸ್ ಸ್ಟ್ಯಾಂಡ್ ಕಡೆ ನಡೆದರು. ಆಮೇಲೆ ಎರಡು ಡಿಸ್ಕಿಗೂ ಬೇಕಾದ್ದೆಲ್ಲ ಹಾಕಿ, ಅವರವರ ಪಾಲು ಅವರವರಿಗೆ ಕೊಟ್ಟೆ.

ಅಣ್ಣ ನನ್ನನ್ನ ಪಕ್ಕಕ್ಕೆ ಕರೆದ.

“ನಂದು ಇನ್ಮೇಲೆ ಒಂದೇ ಇದ್ರೂ ಏಳುತ್ತಾ?”

“ಏಳುತ್ತೆ.”

“ಅವನ್ದು?”

“ಅದೂ ಏಳುತ್ತೆ.”

ಅವನ ಮುಖ ಸಪ್ಪಗಾಯ್ತು.

“ಮತ್ತೆ ರಿಪೇರಿ ಅಂತ ಏನಪ್ಪಾ ಮಾಡ್ದೆ ನೀನು?”