ಸೊಳ್ಳೆ ಸಾಹೇಬನ ಮಾದರಿ ಬೀದಿ

ಯುದ್ಧ ಗಡಿಯಲ್ಲಿತ್ತು, ಜಗಳ ಬಕೆಟ್ಟಿನಲ್ಲಿತ್ತು. ಬಾಂಬು ಬಿದ್ದರೆ ಬೆಂಕಿ ಆರಿಸಲು ಮನೆಮನೆಯಲ್ಲೂ ನೀರು ತುಂಬಿಡಿ ಎಂದಿತು ರಕ್ಷಣಾ ಇಲಾಖೆ. ನಿಂತ ನೀರಲ್ಲಿ ಸೊಳ್ಳೆಮರಿ ಹುಟ್ಟುತ್ತವೆ, ಚೆಲ್ಲಿ ಎಂದಿತು ಆರೋಗ್ಯ ಇಲಾಖೆ. ಎರಡೂ ಆಜ್ಞೆಗೆ ಸಹಿ ಹಾಕಿದವರು ಒಂದೇ ಕಟ್ಟಡದಲ್ಲಿ ಕೂತು ಚಹಾ ಕುಡಿಯುವವರು. ನಡುವೆ ಸಿಕ್ಕಿ ನುಜ್ಜುಗುಜ್ಜಾಗಲು ಬೀದಿಯವರಿದ್ದರಲ್ಲ!

ಬೀದಿಯ ನೈರ್ಮಲ್ಯ ಇನ್‌ಸ್ಪೆಕ್ಟರನಿಗೆ ಜನ ಇಟ್ಟ ಹೆಸರು ಸೊಳ್ಳೆ ಸಾಹೇಬ. ಸೈನ್ಯ ಸೇರಲು ಹೋದವನನ್ನು ಚಪ್ಪಟೆ ಪಾದ ಎಂದು ಅವರು ವಾಪಸ್ ಕಳಿಸಿದ್ದರು. "ಅವ್ರು ಗಡಿ ಕಾಯ್ಲಿ, ಚರಂಡಿ ನಾನ್ ಕಾಯ್ತೀನಿ" ಎಂದು ಎದೆ ಸೆಟೆಸಿ ಓಡಾಡುತ್ತಿದ್ದ. ಇವತ್ತು ಆರೋಗ್ಯಾಧಿಕಾರಿಯ ತಪಾಸಣೆ. ಒಂದೂ ಮರಿ ಸಿಗದಿದ್ದರೆ 'ಮಾದರಿ ಬೀದಿ' ಫಲಕ. ಸಿಕ್ಕರೆ ಸೈನಿಕರ ಶಿಬಿರದ ಕಕ್ಕಸಿನ ಉಸ್ತುವಾರಿಗೆ ವರ್ಗ.

ಬೆಳಿಗ್ಗೆಯೇ ದರ್ಜಿಯ ಬಾಗಿಲು ತಟ್ಟಿದ.

"ಬಕೆಟ್ ಎಲ್ರೀ?"

"ನೀವ್ ಹೇಳಿದ್ಮೇಲೆ ಇಟ್ಕೊಳ್ಳಕ್ಕಾಗತ್ತಾ ಸಾಹೇಬ್ರೇ?" ದರ್ಜಿ ಬೆಣ್ಣೆಯಂತೆ ನಕ್ಕ.

ಯಾವ ಮನೆಯಲ್ಲೂ ಬಕೆಟ್ಟಿಲ್ಲ. ಸಾಹೇಬ ಉಬ್ಬಿ ಪೂರಿಯಾದ. ಸಾಲದೆಂದು ಚರಂಡಿಗೆ ಮರಿ ಕೊಲ್ಲುವ ಎಣ್ಣೆ ಇನ್ನೊಂದು ಡಬ್ಬ ಸುರಿದ.

ಅಧಿಕಾರಿ ಬಂದರು, ಬಗ್ಗಿ ನೋಡಿದರು. "ಶಹಭಾಸ್! ಒಂದು ಮರಿನೂ ಇಲ್ಲ" ಎಂದು ಕೈ ಕುಲುಕಲು ಒಂದು ಹೆಜ್ಜೆ ಮುಂದಿಟ್ಟರು. ಅಂಚಿಗೆ ಚೆಲ್ಲಿದ್ದ ಎಣ್ಣೆಗೆ ಕಾಲು ಜಾರಿ, ಇಸ್ತ್ರಿ ಹಾಕಿದ ಬಟ್ಟೆಯ ಸಮೇತ ಚರಂಡಿಯಲ್ಲಿ ಕೂತರು.

"ಅಯ್ಯೋ ಸಾರ್! ನಮ್ಮನೆ ಇಲ್ಲೇ ಇದೆ, ತೊಳ್ಕೊಳಿ ಬನ್ನಿ" ಎಂದು ಸಾಹೇಬ ಅವರನ್ನು ಎಬ್ಬಿಸಿ ಸೀದಾ ತನ್ನ ಮನೆಯ ಹಿತ್ತಿಲಿಗೆ ಕರೆದೊಯ್ದ.

ಹಿತ್ತಿಲ ತುಂಬಾ ಬಕೆಟ್ಟುಗಳು, ಗೋಡೆಯಿಂದ ಗೋಡೆಗೆ. ಒಂದೊಂದರಲ್ಲೂ ಮರಿಗಳು ಕವಾಯತು ಮಾಡುತ್ತಿದ್ದವು.

"ಏನೇ ಇದು?" ಎಂದ ಸಾಹೇಬ.

"ಬೀದಿಯೋರ್ದು ಕಣ್ರೀ" ಎಂದಳು ಹೆಂಡತಿ. "ಇನ್‌ಸ್ಪೆಕ್ಟರ್ ಮನೆ ಯಾರೂ ನೋಡಲ್ವಲ್ಲಕ್ಕಾ, ಇಟ್ಕೊಳಿ ಅಂತ ವಾರದ ಹಿಂದೆ ತಂದಿಟ್ರು. ನೀವೋ ಬೀದಿ ಚರಂಡಿ ಬಿಟ್ಟು ಹಿತ್ತಿಲ ಕಡೆ ತಲೆ ಹಾಕ್ದೋರಲ್ಲ. ಬಾಂಬ್ ಬಿದ್ರೆ ಊರು ಸುಡಬಾರ್ದಲ್ಲ? ನಾನೂ ಕಾಯ್ತಾ ಇದೀನಿ, ನಿಮ್ ಥರ!"

ಅಧಿಕಾರಿಯ ಮುಖ ಬದನೆಕಾಯಿಯಾಯಿತು. "ಒಂದು ಮರಿ ಉಳಿದ್ರೂ ನಾಳೆನೇ ವರ್ಗ ಕಣಯ್ಯಾ!"

ಅಷ್ಟರಲ್ಲಿ, ಬೀದಿಯಲ್ಲಿ ಒಂದು ಬಕೆಟ್ಟೂ ಕಾಣದೆ ಕೆಂಡವಾಗಿದ್ದ ರಕ್ಷಣಾ ಇಲಾಖೆಯ ವಾರ್ಡನ್ ಒಳನುಗ್ಗಿದ. ನೋಡಿದವನೇ ಸಾಹೇಬನ ಹೆಂಡತಿಗೆ ಸೆಲ್ಯೂಟ್ ಹೊಡೆದ. "ಭೇಷ್ ಅಮ್ಮಾ! ಇಡೀ ಬೀದಿಲಿ ದೇಶಭಕ್ತಿ ಇರೋದು ಇದೊಂದೇ ಮನೇಲಿ. ಒಂದು ಹನಿ ಚೆಲ್ಲಿದ್ರೂ ಜೈಲು!"

ಸಂಜೆ ಬಾಗಿಲ ಮೇಲೆ 'ಮಾದರಿ ಮನೆ' ಎಂಬ ಫಲಕಕ್ಕೆ ವಾರ್ಡನ್ ಮೊಳೆ ಹೊಡೆಯುತ್ತಿದ್ದ. ಹೆಂಡತಿ ಹೊಸ ಸೀರೆಯುಟ್ಟು ರಾಣಿಯಂತೆ ನಿಂತಿದ್ದಳು. ಹಿತ್ತಿಲಲ್ಲಿ ಸೊಳ್ಳೆ ಸಾಹೇಬ ಕುಕ್ಕರಗಾಲಲ್ಲಿ ಕೂತು, ಒಂದು ಹನಿಯೂ ಚೆಲ್ಲದಂತೆ, ಚಹಾ ಸೋಸುವ ಜಾಲರಿಯಿಂದ ಮರಿ ಹಿಡಿಯುತ್ತಿದ್ದ.

ಗೋಡೆಯಾಚೆಯಿಂದ ದರ್ಜಿ ಇಣುಕಿದ. "ಸಾಹೇಬ್ರೇ, ನಮ್ದು ನೀಲಿ ಬಕೆಟ್ಟು. ಅದನ್ನ ಸ್ವಲ್ಪ ಚೆನ್ನಾಗಿ ಸೋಸಿ, ಆಯ್ತಾ?"